ಇಳಿಯಲು ಕಲಿತವಳು

ಒಂದು ಕೆಲಸಕ್ಕೆ ನಾವು ತಯಾರಾಗಿದ್ದೇವೆ ಎಂದು ಹೇಳಬೇಕಾದವರು ಯಾರು? ಕೆಲಸ ಮಾಡುವವರೇ, ಅವರ ಹಿತ ಬಯಸುವ ಹಿರಿಯರೇ? ಈ ಪ್ರಶ್ನೆ ನನ್ನನ್ನು ತರಗತಿಗಿಂತ ಹೆಚ್ಚಾಗಿ ಆಟದ ಬಯಲಿನಲ್ಲಿ ಕಾಡಿದೆ.

ನಮ್ಮ ಆಲೆಟ್ಟಿಯ ಮಕ್ಕಳಿಗೆ ನೆಗೆತ ಹೊಸದಲ್ಲ. ಅಡಿಕೆ ತೋಟದ ಕಣಿ ದಾಟುತ್ತಲೇ ಬೆಳೆದವರು. ಆದರೆ ಹೈಜಂಪ್, ಲಾಂಗ್‌ಜಂಪ್‌ನವರು ಮಾಡುವ ‘ಪ್ಲಯೊಮೆಟ್ರಿಕ್ಸ್’ ಅಭ್ಯಾಸ ಬೇರೆ. ಎತ್ತರದಿಂದ ಕೆಳಕ್ಕೆ ಹಾರಿ, ಪಾದ ನೆಲ ಮುಟ್ಟಿದ ಕೂಡಲೇ ಮತ್ತೆ ಮೇಲಕ್ಕೆ ಚಿಮ್ಮಬೇಕು. ಹಿಗ್ಗಿದ ಸ್ನಾಯು ತಕ್ಷಣ ಕುಗ್ಗುವಾಗ ಸ್ಪ್ರಿಂಗಿನಂತೆ ಬಲ ಕೊಡುತ್ತದೆ. 1960ರ ದಶಕದಲ್ಲಿ ಸೋವಿಯತ್ ತರಬೇತುದಾರ ಯೂರಿ ವೆರ್ಖೊಷಾನ್‌ಸ್ಕಿ ಇದನ್ನು ಬೆಳೆಸಿದರು. ಲಾಭವಿದೆ, ಜೊತೆಗೆ ಮೈತೂಕದ ಹಲವು ಪಟ್ಟು ಭಾರ ಕಾಲಿನ ಮೇಲೆ ಬೀಳುತ್ತದೆ.

ಒಂಬತ್ತನೆಯ ತರಗತಿಯ ಹುಡುಗಿಯೊಬ್ಬಳು ಇದನ್ನು ಮೊಬೈಲಿನಲ್ಲಿ ನೋಡಿ, ಮುರಕಲ್ಲಿನ ಕಟ್ಟೆಯಿಂದ ಹಾರತೊಡಗಿದಳು. “ನನಗೆ ಆಗ್ತದೆ ಟೀಚರ್” ಎಂದಳು ಅವಳು. “ಕಾಲು ಹೋದರೆ ನಾಳೆ ಇವಳನ್ನು ಯಾರು ನೋಡ್ತಾರೆ ಟೀಚರೇ?” ಎಂದರು ತಾಯಿ. ಮಗಳದು ಆಸೆ, ತಾಯಿಯದು ಭಯ. ಎರಡೂ ಸಹಜ, ಆದರೆ ಎರಡರಿಂದಲೂ ಅವಳು ತಯಾರಾಗಿದ್ದಾಳೋ ಇಲ್ಲವೋ ತಿಳಿಯುವುದಿಲ್ಲ.

ಅದನ್ನು ಕಾಲನ್ನೇ ಕೇಳಬೇಕು. ಒಂಟಿ ಕಾಲಿನಲ್ಲಿ ಅಲುಗದೆ ನಿಲ್ಲಬಲ್ಲಳೇ? ಕುಕ್ಕರುಗಾಲಿನಲ್ಲಿ ಕುಳಿತು ಏಳುವಾಗ ಮೊಣಕಾಲು ಒಳಕ್ಕೆ ವಾಲುತ್ತದೆಯೇ? ಗೇಣೆತ್ತರದ ಮೆಟ್ಟಿಲಿನಿಂದ ಸದ್ದಿಲ್ಲದೆ ಇಳಿದು, ಇಳಿದಲ್ಲೇ ನಿಲ್ಲಬಲ್ಲಳೇ? ಇಷ್ಟು ಬಂದರೆ ಹುಲ್ಲಿನ ನೆಲದಲ್ಲಿ ಸಣ್ಣ ನೆಗೆತಗಳಿಂದ ತೊಡಗಬಹುದು. ನಡುವೆ ಒಂದೆರಡು ದಿನ ಬಿಡುವು ಬೇಕು. ಹದಿಹರೆಯದ ಹುಡುಗಿಯರಿಗೆ ಮೊಣಕಾಲಿನ ಲಿಗಮೆಂಟ್ ಹರಿಯುವ ಅಪಾಯ ಹುಡುಗರಿಗಿಂತ ಹೆಚ್ಚು. ಸರಿಯಾಗಿ ಇಳಿಯಲು ಕಲಿಸಿದರೆ ಅದು ತಗ್ಗುತ್ತದೆ.

ಮೊದಲ ದಿನ ಆ ಹುಡುಗಿ ಧಡಕ್ಕೆಂದು ಇಳಿದಳು. ಮುಖ ಸಪ್ಪಗಾಯಿತು. ಯಕ್ಷಗಾನದ ಮಾತು ಹೇಳಿದೆ: ತೆಂಕುತಿಟ್ಟಿನಲ್ಲಿ ಧೀಂಗಿಣ ಹಾರುವ ವೇಷಧಾರಿಯೂ ಹಿಂದೆ ಕೋಡಂಗಿ, ಬಾಲಗೋಪಾಲ ವೇಷಗಳಲ್ಲಿ ಹೆಜ್ಜೆ ಗಟ್ಟಿಮಾಡಿಕೊಂಡೇ ಮುಂದೆ ಬರುತ್ತಿದ್ದ. ಕೆಲವು ವಾರಗಳ ನಂತರ ತಾಯಿಯನ್ನೂ ಬಯಲಿಗೆ ಕರೆದೆವು. ಮಗಳು ಇಳಿದದ್ದು ಅವರಿಗೆ ಕೇಳಿಸಲಿಲ್ಲ. “ಇನ್ನು ಹಾರಲಿ” ಎಂದರು.

ನಮ್ಮ ಜಿಲ್ಲೆಯ ಸಹನಾ ಕುಮಾರಿ 2012ರಲ್ಲಿ ಹೈದರಾಬಾದಿನಲ್ಲಿ 1.92 ಮೀಟರ್ ಹಾರಿ ರಾಷ್ಟ್ರೀಯ ದಾಖಲೆ ಮಾಡಿ, ಲಂಡನ್ ಒಲಿಂಪಿಕ್ಸಿಗೆ ಹೋದರು. ಅದಕ್ಕೆ ಮೊದಲು ಅವರು ಎಷ್ಟು ಸಾವಿರ ಸಲ ನೆಲಕ್ಕಿಳಿದಿರಬೇಕು!

ಸ್ಕೂಟರಿಗೆ, ಮಂಗಳೂರಿನ ಹಾಸ್ಟೆಲಿಗೆ, ದೂರದ ನೌಕರಿಗೆ ಹುಡುಗಿ ‘ಇನ್ನೂ ತಯಾರಾಗಲಿಲ್ಲ’ ಎನ್ನುತ್ತೇವೆ. ಒಳ್ಳೆಯ ಸಂಬಂಧ ಬಂದ ದಿನ ಮಾತ್ರ ಆ ಪ್ರಶ್ನೆಯನ್ನೇ ಮರೆಯುತ್ತೇವಲ್ಲ! ಏನು ಕಲಿತರೆ ತಯಾರಾದ ಹಾಗೆ ಎಂದು ತಿಳಿಸದೆ ‘ಇನ್ನೂ ಆಗಲಿಲ್ಲ’ ಎಂದರೆ, ಅವಳ ಪಾಲಿಗೆ ಅದು ಬೇಲಿಯೇ.

ತಯಾರಿ ಒಮ್ಮೆ ಬಂದರೆ ಉಳಿಯುವಂಥದ್ದೂ ಅಲ್ಲ. ಜ್ವರ ಬಂದು ಮಲಗಿದರೆ, ಮಳೆಗಾಲದಲ್ಲಿ ಬಯಲು ಬಿಟ್ಟರೆ, ಮತ್ತೆ ಮೆಟ್ಟಿಲಿನಿಂದಲೇ ತೊಡಗಬೇಕು. ಪ್ರತಿ ಸಲವೂ ಕೇಳಲು ನಾವು ಜೊತೆಗಿರುವುದಿಲ್ಲ. ಆದ್ದರಿಂದ ‘ಆಗುತ್ತದೆ’, ‘ಇವತ್ತು ಬೇಡ’ ಎಂದು ಹೇಳಬೇಕಾದವಳು ಅವಳೇ. ಅದನ್ನು ಅಳೆದು ನೋಡುವ ಬಗೆಯನ್ನು ಕಲಿಸಿಕೊಡುವುದು ಹಿರಿಯರಾದ ನಮ್ಮ ಕೆಲಸ.