ಅರ್ಧ ಬೆಲೆಯ ನಾಣ್ಯ

ನಾಲ್ಕನೇ ಶತಮಾನದ ಆರಂಭದಲ್ಲಿ ರೋಮನ್ನರ ಅಧೀನದಲ್ಲಿದ್ದ ಈಜಿಪ್ಟಿನಲ್ಲಿ ಡಿಯೊನಿಸಿಯಸ್ ಎಂಬಾತ ತನ್ನ ಕೆಲಸಗಾರ ಅಪಿಯಾನನಿಗೆ ಪಪೈರಸ್ ಹಾಳೆಯ ಮೇಲೆ ಅವಸರದ ಪತ್ರವೊಂದನ್ನು ಬರೆದ. ನಾಣ್ಯದ ಬೆಲೆಯನ್ನು ಅರ್ಧ ನುಮ್ಮುಸ್‌ಗೆ ಇಳಿಸಲು ಪ್ರಭುಗಳ ಅಪ್ಪಣೆಯಾಗಿದೆ, ನನ್ನ ಹಣವನ್ನೆಲ್ಲ ಕೊಟ್ಟು ಹೇಳಿದ ಬೆಲೆಗೆ ಸರಕು ಕೊಂಡುಬಿಡು ಎಂಬುದು ಅದರ ಸಾರ. ನನಗೆ ಮಾತ್ರ ಮೋಸ ಮಾಡಬೇಡ ಎಂಬ ಎಚ್ಚರಿಕೆಯೂ ಅದರಲ್ಲಿದೆ!

ಡಿಯೊನಿಸಿಯಸ್ ಕಳ್ಳನೇ? ಅವನು ಖೋಟಾ ನಾಣ್ಯ ಅಚ್ಚು ಹಾಕಲಿಲ್ಲ, ತಕ್ಕಡಿಯಲ್ಲಿ ಕೈಚಳಕ ತೋರಲಿಲ್ಲ. ಕೇಳಿದಷ್ಟು ಕೊಡಲು ಸಿದ್ಧನಿದ್ದ. ಆದರೆ ಮಾರುವವನಿಗೆ ಗೊತ್ತಿಲ್ಲದ್ದು ಅವನಿಗೆ ಗೊತ್ತಿತ್ತು. ನಷ್ಟ ಹೇಗೂ ಯಾರದಾದರೂ ತಲೆಗೆ ಬರುವಂಥದ್ದು. ಅದನ್ನು ತನ್ನ ತಲೆಯಿಂದ ಇಳಿಸಿ ಅಂಗಡಿಯವನ ತಲೆಗೆ ಹೊರಿಸಲು ಹೊರಟ. ಹೆಂಡತಿ ಮಕ್ಕಳಿರುವವನು ಇನ್ನೇನು ಮಾಡಬೇಕಿತ್ತು ಎಂದು ಕೇಳಬಹುದು. ಅಂಗಡಿಯವನಿಗೂ ಹೆಂಡತಿ ಮಕ್ಕಳಿದ್ದಿರಬಹುದಲ್ಲವೇ? ಇದನ್ನು ವ್ಯವಹಾರ ಚಾತುರ್ಯ ಎಂದು ಕರೆಯಲು ನನಗೆ ಮನಸ್ಸಾಗುವುದಿಲ್ಲ.

ಹಾಗೆಂದು ಅವನೊಬ್ಬನನ್ನೇ ಕಟಕಟೆಯಲ್ಲಿ ನಿಲ್ಲಿಸುವುದೂ ನ್ಯಾಯವಲ್ಲ. ಈ ವಿದ್ಯೆಯನ್ನು ಆತ ಕಲಿತದ್ದು ಅರಮನೆಯಿಂದ. 294ರ ಸುಮಾರಿಗೆ ಡಯೊಕ್ಲೀಷಿಯನ್ ಹೊರಡಿಸಿದ ನುಮ್ಮುಸ್ ಸುಮಾರು 10 ಗ್ರಾಂ ತೂಗುತ್ತಿತ್ತು. ಒಳಗೆ ಕಂಚು, ಮೇಲೆ ತೆಳುವಾದ ಬೆಳ್ಳಿಯ ಲೇಪ. ಬೆಲೆಗಳು ಏರಿದಾಗ 301ರಲ್ಲಿ ಆತ ಬೆಲೆ ಮಿತಿಯ ಶಾಸನ ಹೊರಡಿಸಿದ. ಕೃಷಿ ಕೂಲಿಯವನ ದಿನಗೂಲಿ ಊಟದ ಜೊತೆಗೆ 25 ಡೆನಾರಿಯಸ್. ಮಿತಿ ಮೀರಿದವರಿಗೆ ಮರಣದಂಡನೆ. ಹೆದರಿಕೆಯಿಂದ ಸರಕು ಮಾರುಕಟ್ಟೆಯಿಂದಲೇ ಮಾಯವಾಯಿತೆಂದು ಸಮಕಾಲೀನ ಲೇಖಕ ಲ್ಯಾಕ್ಟಾಂಟಿಯಸ್ ದೂರಿದ್ದಾನೆ. 340ರ ಹೊತ್ತಿಗೆ ಕಂಚಿನ ನಾಣ್ಯ ಎರಡು ಗ್ರಾಂಗಿಂತಲೂ ಹಗುರವಾಗಿತ್ತು. 348ರಲ್ಲಿ ಬಂದ ದೊಡ್ಡ ನಾಣ್ಯದ ಮೇಲೆ ‘ಸುಖದ ಕಾಲ ಮರಳಿತು’ ಎಂಬರ್ಥದ ಲ್ಯಾಟಿನ್ ಬರಹವಿತ್ತು. ಕೆಲವೇ ವರ್ಷಗಳಲ್ಲಿ ಅದೂ ಕುಗ್ಗಿತು. ಬರಹ ಮಾತ್ರ ಹಾಗೆಯೇ ಉಳಿಯಿತು.

ಗಡಿ ಕಾಯುವ ಸೈನ್ಯಕ್ಕೆ ಸಂಬಳ ಕೊಡಬೇಕಿತ್ತು, ನಿಜ. ಆದರೆ ಕಾನ್‌ಸ್ಟಂಟೈನ್ ವ್ಯಾಪಾರಿಗಳ ಮೇಲೂ ಕುಶಲಕರ್ಮಿಗಳ ಮೇಲೂ ಹೇರಿದ ತೆರಿಗೆಗೆ ಬೇಕಾದದ್ದು ಚಿನ್ನ, ಬೆಳ್ಳಿ. ಸಂತೆಯಲ್ಲಿ ಬಡವನ ಕೈಗೆ ಬರುತ್ತಿದ್ದುದು ಕಂಚು. ಈ ತೆರಿಗೆಗಾಗಿ ತಂದೆತಾಯಿಗಳು ಮಕ್ಕಳನ್ನೇ ಮಾರಿದರೆಂದು ಜೊಸಿಮಸ್ ಬರೆದಿದ್ದಾನೆ. ಅವನು ಕಾನ್‌ಸ್ಟಂಟೈನನ ಕಡು ವಿರೋಧಿ, ಅಷ್ಟನ್ನು ಕಳೆದೇ ಅವನನ್ನು ಓದಬೇಕು. ಆದರೂ ತಾನು ಟಂಕಿಸಿದ ನಾಣ್ಯವನ್ನು ತನ್ನ ತೆರಿಗೆಗೆ ತಾನೇ ಬೇಡವೆನ್ನುವ ಪ್ರಭುತ್ವ ಪ್ರಜೆಗಳಿಂದ ಯಾವ ಪ್ರಾಮಾಣಿಕತೆಯನ್ನು ನಿರೀಕ್ಷಿಸಬಹುದು?

ಆ ತೆರಿಗೆಯನ್ನು 498ರಲ್ಲಿ ಚಕ್ರವರ್ತಿ ಅನಸ್ತಾಸಿಯಸ್ ರದ್ದುಪಡಿಸಿದ. ಅದೇ ವರ್ಷ ಆತ ಹೊರಡಿಸಿದ ದೊಡ್ಡ ತಾಮ್ರದ ನಾಣ್ಯದ ಮೇಲೆ ಅದರ ಬೆಲೆ 40 ನುಮ್ಮುಸ್ ಎಂದು ಸೂಚಿಸುವ ಗ್ರೀಕ್ ಅಕ್ಷರವನ್ನು ಎದ್ದು ಕಾಣುವಂತೆ ಅಚ್ಚೊತ್ತಲಾಗಿತ್ತು. ಅದರ ಹೆಸರು ಫಾಲಿಸ್. ಅರಬರ ಬಾಯಲ್ಲಿ ಅದು ಫಲ್ಸ್ ಆಯಿತು, ಬಹುವಚನದಲ್ಲಿ ಫುಲೂಸ್. ಕೈರೋದಲ್ಲಿ ಇಂದಿಗೂ ಹಣವೆಂದರೆ ಫುಲೂಸ್.