ಸಹನೆಯನ್ನು ಸ್ತುತಿಸುವ ಮುನ್ನ

ಹಿರಿಯರ ತಿಥಿಯಂದು ಪಿಂಡಪ್ರದಾನ, ಬ್ರಾಹ್ಮಣಭೋಜನಗಳು ಮುಗಿದು ಮನೆಯವರು ಊಟಕ್ಕೆ ಕುಳಿತಾಗ, ಗತಿಸಿದವರ ಗುಣಗಳನ್ನು ನೆನೆಯುವುದು ನಮ್ಮಲ್ಲಿ ರೂಢಿ. ನಮ್ಮ ಅಜ್ಜಿಯವರ ತಿಥಿಯಂದು ತಪ್ಪದೆ ಕೇಳಿಬರುವ ಮಾತೊಂದಿದೆ: "ಅಷ್ಟು ಕಷ್ಟಪಟ್ಟರೂ ಎಂದೂ ದೂರಲಿಲ್ಲ." ಓದುಗರ ಮನೆಗಳಲ್ಲಿಯೂ ಯಾರೋ ಒಬ್ಬ ತಾಯಿಯ ಬಗೆಗೆ ಈ ಮಾತು ಕೇಳಿಬರುತ್ತಿರಬಹುದು. ಇದು ನಿಜವಾಗಿ ಸ್ಮರಣೆಯೋ, ಅಥವಾ ಸ್ಮರಣೆಯ ವೇಷದಲ್ಲಿರುವ ಮರೆವೋ ಎಂಬುದು ನನ್ನನ್ನು ಬಹುಕಾಲದಿಂದ ಕಾಡಿರುವ ಪ್ರಶ್ನೆ.

ಅಜ್ಜಿಯವರು ವಿಜಾಪುರದ ಕಡೆಯವರು. ಮೂವತ್ತಾರನೆಯ ವಯಸ್ಸಿಗೆ ಪತಿಯನ್ನು ಕಳೆದುಕೊಂಡು, ಮೂವರು ಮಕ್ಕಳೊಡನೆ 1950ರಲ್ಲಿ ಸೊಲ್ಲಾಪುರದಲ್ಲಿ ಗಾಡಿ ಬದಲಿಸಿ ನಾಗಪುರದಲ್ಲಿದ್ದ ಅಣ್ಣನ ಮನೆಗೆ ಬಂದರು. ಆಗ ನಾಗಪುರವು ಮಧ್ಯಪ್ರದೇಶದ ರಾಜಧಾನಿ. 1956ರ ನವೆಂಬರ್ 1ರಂದು ರಾಜ್ಯಗಳ ಪುನರ್ವಿಂಗಡಣೆಯಾದಾಗ ಅವರ ತವರಿನ ಜಿಲ್ಲೆಯು ಮುಂಬಯಿ ಪ್ರಾಂತ್ಯವನ್ನು ಬಿಟ್ಟು ಮೈಸೂರನ್ನು ಸೇರಿತು; ಅದೇ ದಿನ ನಾಗಪುರವು ಮುಂಬಯಿ ರಾಜ್ಯಕ್ಕೆ ಸೇರಿತು. "ನಾ ಬಿಟ್ಟ ಬಂದ ಮುಂಬಯಿ ನನ್ನ ಬೆನ್ನ ಹತ್ತಿ ಇಲ್ಲಿತನಕಾ ಬಂತು" ಎಂದು ಅವರು ನಗುತ್ತಿದ್ದರು. ಹಿಂದೂ ಸ್ತ್ರೀಗೆ ಆಸ್ತಿಯಲ್ಲಿ ಪೂರ್ಣ ಒಡೆತನವನ್ನು ಕೊಟ್ಟ ಉತ್ತರಾಧಿಕಾರ ಕಾಯಿದೆ ಬಂದದ್ದೂ 1956ರಲ್ಲಿಯೇ. ಆದರೆ ಅಷ್ಟರಲ್ಲಿ ಅಜ್ಜಿಯವರು ಊರಿನ ಹೊಲದ ಆಸೆಯನ್ನು ಬಿಟ್ಟು, ಸೌಟನ್ನು ಕೈಗೆತ್ತಿಕೊಂಡಾಗಿತ್ತು.

ಮುಂಜಿವೆ, ಮದುವೆ, ಶ್ರಾದ್ಧ, ಎಲ್ಲಿ ಮಡಿಯ ಅಡಿಗೆ ಬೇಕೋ ಅಲ್ಲಿಗೆ ಅವರು ಹೋಗುತ್ತಿದ್ದರು. ಏಕಾದಶಿಯಂದು ನಿರಾಹಾರವಾಗಿದ್ದು, ದ್ವಾದಶಿಯ ಬೆಳಗಿನ ಜಾವ ಇತರರ ಪಾರಣೆಗೆ ಅಡಿಗೆ ಮಾಡಿಟ್ಟು, ತಮ್ಮ ಪಾರಣೆಯನ್ನು ಕೊನೆಗೆ ಮಾಡುತ್ತಿದ್ದರು. ಈ ದುಡಿಮೆಯಿಂದಲೇ ನಮ್ಮ ತಂದೆಯವರ ವಿದ್ಯೆ, ಇಬ್ಬರು ಸೋದರತ್ತೆಯರ ಮದುವೆ, ಮುಂದೆ ನನ್ನ ಶಾಲೆಯ ಶುಲ್ಕವೂ ನಡೆದವು.

ನಾಗಪುರದ ಬೇಸಿಗೆಯಲ್ಲಿ ಬಿಸಿಲು 45 ಡಿಗ್ರಿಯನ್ನು ದಾಟುವುದು ಅಪರೂಪವಲ್ಲ. 1974ರ ಮೇ ತಿಂಗಳಿನ ಒಂದು ಸಂಜೆ, ಯಾರದೋ ಮನೆಯ ಮುಂಜಿವೆಯ ಅಡಿಗೆ ಮುಗಿಸಿ ಬಂದ ಅಜ್ಜಿಯವರು ಪಡಸಾಲೆಯ ಕಂಬಕ್ಕೆ ಒರಗಿ ಕುಳಿತು, "ಇನ್ನ ಆ ಒಲಿ ಮುಂದ ಕೂಡೂದು ನನ್ನ ಕೈಲೆ ಆಗೂದಿಲ್ಲಪಾ" ಎಂದರು. ತಂದೆಯವರು ಪ್ರೀತಿಯಿಂದಲೇ, "ಅವ್ವಾ, ನಿನ್ನ ಕೈರುಚಿ ಮತ್ತ ಯಾರಿಗೆ ಬರತದ?" ಎಂದು ನಕ್ಕರು. ಹದಿನಾಲ್ಕು ವರ್ಷದ ನಾನೂ ನಕ್ಕೆ. ಅಜ್ಜಿಯವರು ಮತ್ತೆ ಆ ಮಾತನ್ನು ಎತ್ತಲಿಲ್ಲ. ಮುಂದಿನ ವಾರ ಇನ್ನೊಂದು ಮನೆಯ ಅಡಿಗೆಗೆ ಹೋದರು.

ಆದ್ದರಿಂದ "ಎಂದೂ ದೂರಲಿಲ್ಲ" ಎಂಬುದು ನಿಜವಲ್ಲ. ಅವರು ಒಮ್ಮೆ ಹೇಳಿದರು. ನಾವು ಹೊಗಳಿಕೆಯಿಂದ ಅವರ ಬಾಯಿ ಮುಚ್ಚಿದೆವು. ತಂದೆಯವರು ಕಠಿಣರಾಗಿರಲಿಲ್ಲ, ಮನೆಯಲ್ಲಿ ಸಾಲವಿತ್ತು, ಬೇರೆ ದಾರಿ ಅವರಿಗೂ ತೋರಲಿಲ್ಲ. ಆದರೆ ದಾರಿಯಿಲ್ಲವೆಂದು ಒಪ್ಪಿಕೊಳ್ಳುವುದು ಒಂದು, ತಾಯಿಯ ಬಳಲಿಕೆಯನ್ನು ಗುಣವೆಂದು ಕರೆದು ನಿಶ್ಚಿಂತರಾಗುವುದು ಇನ್ನೊಂದು.

ಸಹನೆಯು ಸದ್ಗುಣವಲ್ಲವೇ ಎಂದು ಯಾರಾದರೂ ಕೇಳಬಹುದು. ನಿಸ್ಸಂದೇಹವಾಗಿ ಸದ್ಗುಣವೇ. ಭಾಗವತದಲ್ಲಿ ಕುಂತೀದೇವಿಯು ಆಪತ್ತುಗಳೇ ತನಗೆ ಬರುತ್ತಿರಲೆಂದು ಶ್ರೀಕೃಷ್ಣನನ್ನು ಬೇಡಿಕೊಂಡಳು. ಆಪತ್ತಿನಲ್ಲಿಯೇ ಅವನ ದರ್ಶನವಾಗುವುದೆಂಬ ದೃಢವಿಶ್ವಾಸ ಆಕೆಯದು. ಆದರೆ ಅದೇ ಕುಂತಿಯು, ಸಂಧಾನಕ್ಕೆಂದು ಹಸ್ತಿನಾವತಿಗೆ ಬಂದ ಕೃಷ್ಣನ ಮುಂದೆ, ರಾಜ್ಯ ಹೋದುದಕ್ಕಿಂತಲೂ ಮಕ್ಕಳ ವನವಾಸಕ್ಕಿಂತಲೂ ಹೆಚ್ಚಾಗಿ ಸಭೆಯಲ್ಲಿ ಸೊಸೆಗಾದ ಅಪಮಾನಕ್ಕಾಗಿ ದುಃಖಿಸಿದಳೆಂದು ಉದ್ಯೋಗಪರ್ವವು ಹೇಳುತ್ತದೆ. ಇಲ್ಲಿರುವ ಸೂಕ್ಷ್ಮವನ್ನು ಗಮನಿಸಬೇಕು. ತನ್ನ ಪಾಲಿನ ಕಷ್ಟವನ್ನು ಹರಿಪ್ರಸಾದವೆಂದು ಸ್ವೀಕರಿಸುವುದು ಭಕ್ತಿ. ಪರರ ಕಷ್ಟವನ್ನು ಅವರ ಪರವಾಗಿ ನಾವು ಪ್ರಸಾದವೆಂದು ಹೇಳುವುದು ಭಕ್ತಿಯಲ್ಲ, ಅನುಕೂಲಸಿಂಧು.

ಜಗತ್ತು ಸತ್ಯವೆಂದು ಸಾರಿದ ಸಿದ್ಧಾಂತ ನಮ್ಮದು. ಜಗತ್ತು ಸತ್ಯವಾದರೆ ಒಲೆಯ ಉರಿಯೂ ಸತ್ಯ, ಆಕೆಯ ಬಳಲಿಕೆಯೂ ಸತ್ಯ. ಜೀವಜೀವರಿಗೆ ಭೇದವುಂಟೆಂದು ಒಪ್ಪಿದ ನಾವು "ತ್ಯಾಗಮಯಿ" ಎಂಬ ಒಂದೇ ಶಬ್ದದಲ್ಲಿ ಎಲ್ಲ ತಾಯಂದಿರನ್ನೂ ಕರಗಿಸಿಬಿಡುವುದು ಹೇಗೆ ಸರಿ? ಸಂನ್ಯಾಸಕ್ಕೆ ಹೊರಟ ಶ್ರೀಮದಾಚಾರ್ಯರೇ ಹೆತ್ತವರ ಪಾಲನೆಗೆ ತಮ್ಮನೊಬ್ಬನು ಹುಟ್ಟುವವರೆಗೆ ಕಾದರೆಂದು, ಅನಂತರವೂ ತಾಯಿಯ ಅನುಮತಿಯನ್ನು ಪಡೆದೇ ಹೊರಟರೆಂದು ಸುಮಧ್ವವಿಜಯವು ತಿಳಿಸುತ್ತದೆ. ಅಂಥ ಮಹಾಕಾರ್ಯಕ್ಕೂ ತಾಯಿಯನ್ನು ಕೇಳುವುದು ಅಗತ್ಯವಾಗಿತ್ತು. ನಾವು ಒಂದು ಮುಂಜಿವೆಯ ಅಡಿಗೆಗೂ ಕೇಳಲಿಲ್ಲ.

ಅಜ್ಜಿಯವರು 1988ರಲ್ಲಿ ಹರಿಪಾದವನ್ನು ಸೇರಿದರು. ಕೆಲವು ವರ್ಷಗಳ ಹಿಂದೆ ಅವರ ತಿಥಿಯಂದು, ಎಲ್ಲರೂ ಅವರ ಸಹನೆಯನ್ನು ಕೊಂಡಾಡುತ್ತಿದ್ದಾಗ, ನಾನು ನೀರಿಗೆಂದು ಅಡಿಗೆಮನೆಯ ಬಾಗಿಲಿಗೆ ಹೋದೆ. ಒಳಗೆ ಅಂದಿನ ಅಡಿಗೆಗೆ ಬಂದಿದ್ದ ವೃದ್ಧೆಯೊಬ್ಬರು ಗೋಡೆಗೆ ಒರಗಿ ಕುಳಿತಿದ್ದರು. ಮಧ್ಯಾಹ್ನ ಎರಡು ಗಂಟೆ ದಾಟಿತ್ತು, ಅವರ ಊಟವಾಗಿರಲಿಲ್ಲ. ಅವರೂ ಯಾರದೋ ಅಜ್ಜಿ. ನಮ್ಮ ಅಜ್ಜಿಯ ಹೆಸರಿನಲ್ಲಿ ನಾವು ಮತ್ತೊಬ್ಬ ಅಜ್ಜಿಯನ್ನು ಅದೇ ಗೋಡೆಗೆ ಒರಗಿಸಿದ್ದೆವು.

ಅಂದಿನಿಂದ ನಮ್ಮ ಮನೆಯಲ್ಲಿ ಕೆಲವು ಬದಲಾವಣೆಗಳಾಗಿವೆ. ನೀರು ತರುವುದು, ತೆಂಗಿನಕಾಯಿ ತುರಿಯುವುದು, ಪಾತ್ರೆ ಎತ್ತುವುದು ಮಡಿಯುಟ್ಟ ಗಂಡಸರ ಕೆಲಸ. ಬ್ರಾಹ್ಮಣಭೋಜನವಾದ ಕೂಡಲೇ ಅಡಿಗೆಯವರಿಗೆ ಎಲೆ; ಮನೆಯವರ ಪಂಕ್ತಿ ಅನಂತರ. ಸಂಭಾವನೆಯನ್ನು ಅವರನ್ನೇ ಕೇಳಿ ನಿರ್ಧರಿಸುತ್ತೇವೆ. ಇವು ಅಲ್ಪ ಸಂಗತಿಗಳು. ಮಾತೃಋಣವು ಇವುಗಳಿಂದ ತೀರುವುದಿಲ್ಲ, ಯಾವುದರಿಂದಲೂ ತೀರುವುದಿಲ್ಲ. ಆದರೆ "ನಿಮಗೆ ದಣಿವಾಯಿತೇ?" ಎಂದು ಕೇಳಿ, ಉತ್ತರಕ್ಕಾಗಿ ನಿಲ್ಲುವುದು ಸಾಧ್ಯ. 1974ರ ಆ ಸಂಜೆ ನಾವು ಕೊಡದೆ ಹೋದ ಉತ್ತರವನ್ನು ಈಗ ಇನ್ನೊಬ್ಬರಿಗೆ ಕೊಡುವುದೇ ಅಜ್ಜಿಯವರ ನಿಜವಾದ ಸ್ಮರಣೆಯೆಂದು ನಾನು ತಿಳಿದಿದ್ದೇನೆ.

ಶ್ರೀಕೃಷ್ಣಾರ್ಪಣಮಸ್ತು.