ಬರಲಾರದವರು, ಬರಲೊಲ್ಲದವರು

ಶಾಲೆಯೊಂದರ ಹಳೆಯ ವಿದ್ಯಾರ್ಥಿಗಳ ಸಮ್ಮೇಳನಕ್ಕೆ ಹೋದವರು, ಅಲ್ಲಿ ಓದಿದವರೆಲ್ಲ ಉದ್ಧಾರವಾದರೆಂದೇ ತಿಳಿದು ಮನೆಗೆ ಮರಳುತ್ತಾರೆ. ಬದುಕಿನಲ್ಲಿ ಸೋತವರು ಅಂಥ ಸಭೆಗೆ ಬರುವುದು ಅಪರೂಪ. ಬಾರದವರನ್ನು ಎಣಿಸದ ಲೆಕ್ಕ ಯಾವಾಗಲೂ ಸೊಗಸಾಗಿಯೇ ಕಾಣುತ್ತದೆ.

ಹದಿಹರೆಯದವರ ಆರೋಗ್ಯ, ಮನಸ್ಸು, ನಡತೆಗಳನ್ನು ವರ್ಷಗಟ್ಟಲೆ ಅಧ್ಯಯನ ಮಾಡುವ ವಿಜ್ಞಾನಿಗಳಿಗೂ ಇದೇ ತೊಡಕು. ಮೊದಲು ಸೇರಿದವರಲ್ಲಿ ಕೆಲವರು ನಡುವೆ ಬಿಟ್ಟುಹೋಗುತ್ತಾರೆ: ಊರು ಬದಲಾಯಿಸಿದವರು, ಶಾಲೆ ಬಿಟ್ಟವರು, ದುಡಿಮೆಗಿಳಿದವರು, ಬೇಸತ್ತವರು. ಯಾರ ಕಷ್ಟವನ್ನು ಅರಿಯಲು ಅಧ್ಯಯನ ಹೊರಟಿತೋ, ಅನೇಕ ವೇಳೆ ಅವರೇ ಮೊದಲು ಕಣ್ಮರೆಯಾಗುತ್ತಾರೆ.

ಸಂಖ್ಯಾಶಾಸ್ತ್ರಜ್ಞರ ಬಳಿ ಇದಕ್ಕೆ ಮದ್ದುಂಟು. ಹೋದವರನ್ನು ಹೋಲುವವರು ಉಳಿದಿದ್ದರೆ ಅವರ ಉತ್ತರಕ್ಕೆ ಹೆಚ್ಚು ತೂಕ ಕೊಡಬಹುದು; ಹಿಂದಿನ ಉತ್ತರಗಳಿಂದ ಈಗಿನದನ್ನು ಅಂದಾಜು ಮಾಡಿ ತುಂಬಬಹುದು. ಆದರೆ ಹೋದವನು ತನ್ನನ್ನು ಹೋಲುವವನಂತೆಯೇ ಇದ್ದಾನೆಂಬ ನಂಬಿಕೆ ಇದರ ಬುಡದಲ್ಲಿದೆ. ಅವನ ಈಗಿನ ದುಃಖವೇ ಅವನನ್ನು ದೂರವಿಟ್ಟಿದ್ದರೆ ಆ ನಂಬಿಕೆ ಕುಸಿಯುತ್ತದೆ.

ಹಾಗೆಂದು ಬಲವಂತ ಸಲ್ಲದು. ಬಿಟ್ಟುಹೋಗುವ ಸ್ವಾತಂತ್ರ್ಯವಿಲ್ಲದಿದ್ದರೆ ಮೊದಲಿನ ಒಪ್ಪಿಗೆಗೂ ಬೆಲೆಯಿಲ್ಲ. ಎಷ್ಟೋ ವೇಳೆ ಅಂದು ಒಪ್ಪಿದವರು ತಂದೆತಾಯಿಗಳು. ಇಂದಿನ ‘ಬೇಡ’ ಎಂಬುದೇ ಹುಡುಗ ತಾನಾಗಿ ಆಡಿದ ಮೊದಲ ಮಾತಾಗಿರಬಹುದು. ಸತ್ಯಕ್ಕೆ ಅವನು ಬೇಕು, ನಿಜ. ಆದರೆ ಅವನು ಸತ್ಯದ ಸಾಲಗಾರನಲ್ಲ.

ಹಾಗಾದರೆ ಮಾಡುವುದೇನು? ನ್ಯೂಜಿಲೆಂಡಿನ ಡುನೆಡಿನ್ ನಗರದಲ್ಲಿ 1972–73ರಲ್ಲಿ ಹುಟ್ಟಿದ 1,037 ಮಂದಿಯನ್ನು ಮೂರನೆಯ ವಯಸ್ಸಿನಿಂದ ಗಮನಿಸುತ್ತ ಬಂದಿದ್ದಾರೆ. ಹದಿಮೂರರ ವಯಸ್ಸಿನಲ್ಲಿ ಪರೀಕ್ಷೆಗೆ ದೊರೆತವರು 850, ಹದಿನೈದರಲ್ಲಿ 976. ನಲವತ್ತೈದರಲ್ಲಿ, ಬದುಕಿದ್ದ 997 ಮಂದಿಯಲ್ಲಿ 938 ಜನ ಭಾಗವಹಿಸಿದರು. ಒಮ್ಮೆ ತಪ್ಪಿದವನ ಹೆಸರನ್ನು ಹೊಡೆದುಹಾಕದೆ ಮತ್ತೆ ಕರೆದರು. ಹೊರದೇಶಗಳಲ್ಲಿ ನೆಲೆಸಿದವರಿಗೂ ಪ್ರಯಾಣದ ವೆಚ್ಚ ಕೊಟ್ಟು ಕರೆಸಿಕೊಂಡರು. ಒಂದು ಸಲ ಬಾರದಿರುವುದು ಎಂದೆಂದಿಗೂ ಹೋದಂತಲ್ಲ ಎಂಬುದಕ್ಕೆ ಈ ಅಂಕೆಗಳೇ ಸಾಕ್ಷಿ.

ಬರಲಾರದವನು ಬೇರೆ, ಬರಲೊಲ್ಲದವನು ಬೇರೆ. ಮೊದಲನೆಯವನಿಗೆ ದಾರಿಯ ಖರ್ಚು, ಅನುಕೂಲವಾದ ವೇಳೆ, ಹೇಳಿದ್ದು ಹೊರಬೀಳದೆಂಬ ಭರವಸೆ ಸಲ್ಲಬೇಕು. ಎರಡನೆಯವನಿಗೆ ಸಲ್ಲಬೇಕಾದದ್ದು ನಮ್ಮ ಮೌನ. ಇಬ್ಬರನ್ನೂ ಒಂದೇ ತಕ್ಕಡಿಯಲ್ಲಿಟ್ಟರೆ ಒಬ್ಬನನ್ನು ಕೈಬಿಟ್ಟಂತೆ, ಇಲ್ಲವೆ ಇನ್ನೊಬ್ಬನನ್ನು ಕಾಡಿದಂತೆ. ಎಷ್ಟು ಜನ ಹೋದರು, ಹೋಗುವ ಮುನ್ನ ಅವರ ಸ್ಥಿತಿ ಹೇಗಿತ್ತು ಎಂಬುದನ್ನು ಮಾತ್ರ ವರದಿ ಮರೆಮಾಚದೆ ಹೇಳಬೇಕು. ಬಂದವರ ಮಾತಿಗೆ ಬೆಲೆ ಬರುವುದು ಬಾರದವರನ್ನು ಒಪ್ಪಿಕೊಂಡಾಗಲೇ.